ಜಾಮೀನು ಸಿಕ್ಕಿತು, ಜಾಮೀನುದಾರ ಸಿಗಲಿಲ್ಲ

ನ್ಯಾಯಾಲಯ ಜಾಮೀನು ಕೊಟ್ಟ ಮೇಲೂ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಜೈಲಿನಲ್ಲೇ ಉಳಿಯುತ್ತಾನೆ ಎಂದರೆ ಹೊರಗಿನವರಿಗೆ ನಂಬುವುದು ಕಷ್ಟ. ಟೀವಿಯಲ್ಲಿ ಜಾಮೀನಿನ ಸುದ್ದಿ ಬಂದ ಸಂಜೆಯೇ ಹಾರ, ಪಟಾಕಿ ಹಿಡಿದವರು ಜೈಲಿನ ಗೇಟಿನ ಮುಂದೆ ನೆರೆದಿರುವುದನ್ನು ನೋಡಿ ನೋಡಿ, ಆದೇಶ ಆಯಿತೆಂದರೆ ಬಿಡುಗಡೆ ಆಯಿತು ಎಂದೇ ನಾವು ತಿಳಿದುಬಿಟ್ಟಿದ್ದೇವೆ. ಬಡವರ ಮಟ್ಟಿಗೆ ಜಾಮೀನಿನ ಆದೇಶ ಅರ್ಧ ದಾರಿ. ಉಳಿದರ್ಧ ದಾರಿ ಪಹಣಿ, ಆಧಾರ್, ಪ್ರಮಾಣಪತ್ರ, ಸಹಿ, ಮೊಹರುಗಳದ್ದು. ಅಲ್ಲಿ ವಾದ ಮಾಡುವ ವಕೀಲರಷ್ಟೇ, ಕಾಗದ ಓದಬಲ್ಲ ವಕೀಲರೂ ಬೇಕು.

ಕಾಗದ ಓದುವುದೇ ನನ್ನ ಕಸುಬು. ನಾನಿರುವುದು ಬೆಂಗಳೂರಿನ ಒಂದು ದೊಡ್ಡ ವಾಣಿಜ್ಯ ಕಾನೂನು ಸಂಸ್ಥೆಯಲ್ಲಿ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ, ಬ್ಯಾಂಕೊಂದು ಕೋಟಿಗಟ್ಟಲೆ ಸಾಲ ಕೊಡುವಾಗ, ಹೊರದೇಶದವರು ಇಲ್ಲಿ ಬಂಡವಾಳ ಹಾಕುವಾಗ ಬೇಕಾಗುವ ಕರಾರುಗಳನ್ನು ಬರೆಯುತ್ತೇವೆ, ದಾಖಲೆಗಳನ್ನು ಪರಿಶೀಲಿಸುತ್ತೇವೆ. ಕರಿ ಕೋಟು ಹಾಕಿಕೊಂಡು ಕೋರ್ಟ್ ಹಾಲಿನಲ್ಲಿ ನಿಲ್ಲುವ ಸಂದರ್ಭ ನಮ್ಮಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ. ಮಾಡಿದ ಕೆಲಸವನ್ನೆಲ್ಲ ಆರಾರು ನಿಮಿಷದ ಲೆಕ್ಕದಲ್ಲಿ ಟೈಮ್‌ಶೀಟಿಗೆ ಬರೆಯಬೇಕು. ಕಕ್ಷಿದಾರರಿಗೆ ಹೋಗುವ ಬಿಲ್ಲು ಹುಟ್ಟುವುದು ಅದರಿಂದ. ಇದೇ ಕಚೇರಿಯ ನಾವು ಕೆಲವರು ವರ್ಷದ ಒಂದಿಷ್ಟು ಗಂಟೆಗಳನ್ನು ಬಿಲ್ಲಿಲ್ಲದ ಮೊಕದ್ದಮೆಗಳಿಗೆ ಇಡುತ್ತೇವೆ. ವಕೀಲರ ನಡುವೆ ಇದಕ್ಕೆ ಪ್ರೊ ಬೋನೊ ಕೆಲಸ ಎಂಬ ಹೆಸರಿದೆ.

ಒಂದು ಮೊಕದ್ದಮೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆ ಮನುಷ್ಯನ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಲಿಂಗಸುಗೂರು ತಾಲ್ಲೂಕಿನಿಂದ ಬಂದು ಸರ್ಜಾಪುರ ರಸ್ತೆಯ ಕಡೆ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವರು ಅವರು. ಕಟ್ಟಡದ ಪಕ್ಕದ ಶೀಟಿನ ಶೆಡ್ಡಿನಲ್ಲೇ ಹೆಂಡತಿ, ಮಗುವಿನ ಜೊತೆ ವಾಸ. ಕಟ್ಟಡದಿಂದ ತಾಮ್ರದ ತಂತಿ ಕಳುವಾಯಿತೆಂದು ಪೊಲೀಸರು ಮೂವರನ್ನು ಹಿಡಿದರು, ಅವರಲ್ಲಿ ಇವರೂ ಒಬ್ಬರು. ಹೆಂಡತಿ ಮೇಸ್ತ್ರಿಯ ಹತ್ತಿರ ಸಾಲ ತಂದು ಒಬ್ಬ ವಕೀಲರಿಗೆ ಎಂಟು ಸಾವಿರ ಕೊಟ್ಟರು. ವಕೀಲರು ಅರ್ಜಿ ಹಾಕಿದರು, ಜಾಮೀನೂ ಆಯಿತು. ಆಮೇಲೆ ಆ ವಕೀಲರು ಫೋನಿಗೆ ಸಿಗಲಿಲ್ಲ. ಕೈದಿಗಳ ನಡುವೆ ಕೆಲಸ ಮಾಡುವ ಸಂಸ್ಥೆಯೊಂದರಿಂದ ಆ ಹೆಸರು ನಮಗೆ ಬಂದಾಗ, ಜಾಮೀನಿನ ಆದೇಶವಾಗಿ ನಾಲ್ಕು ತಿಂಗಳು ದಾಟಿತ್ತು.

ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ಅವರನ್ನು ಭೇಟಿಯಾದೆ. ವಕಾಲತ್ತಿಗೆ ಹೆಬ್ಬೆಟ್ಟು ಒತ್ತಲು ಕೈ ಮುಂದೆ ಮಾಡಿದವರು, ಒತ್ತುವ ಮುಂಚೆ ಒಂದು ಮಾತು ಕೇಳಿದರು: ‘ಬೇಲ್ ಆಗೇತ್ರಿ ಮೇಡಂ. ಆದ್ರ ಬಿಡವಲ್ರು. ಶ್ಯೂರಿಟಿ ಬೇಕಂತ. ಈ ಊರಾಗ ನನಗ ಯಾರದಾರ್ರಿ?’

ಆದೇಶದಲ್ಲಿದ್ದದ್ದು ಎಲ್ಲ ಆದೇಶಗಳಲ್ಲೂ ಇರುವ ಸಾಲೇ. ಐವತ್ತು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ಜಾಮೀನುದಾರ ಎಂದರೆ, ಈ ಮನುಷ್ಯ ಕರೆದ ದಿನ ಕೋರ್ಟಿಗೆ ಬರುತ್ತಾನೆ, ಬಾರದಿದ್ದರೆ ಇಷ್ಟು ಹಣ ನನ್ನಿಂದ ವಸೂಲು ಮಾಡಿ ಎಂದು ಬರೆದುಕೊಡುವವರು. ಬರಿ ಬಾಯಿಮಾತು ಸಾಲದು. ಆ ಮೊತ್ತ ಕೊಡುವ ಶಕ್ತಿಯಿದೆ ಎಂದು ತೋರಿಸಬೇಕು: ಹಳ್ಳಿಯವರಾದರೆ ಪಹಣಿ, ಪಟ್ಟಣದವರಾದರೆ ಖಾತೆ, ಕಂದಾಯ ಕಟ್ಟಿದ ರಸೀದಿ. ಗುರುತಿನ ಚೀಟಿ, ಫೋಟೊ, ಪ್ರಮಾಣಪತ್ರ ಬೇಕು. ಖುದ್ದಾಗಿ ನ್ಯಾಯಾಧೀಶರ ಮುಂದೆ ನಿಂತು, ಆರೋಪಿ ನಿಮಗೆ ಹೇಗೆ ಗೊತ್ತು, ಈ ಹಿಂದೆ ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀರಾ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬೇಕು.

ಕೋರ್ಟುಗಳು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವೂ ಇದೆ. ದುಡ್ಡು ಪಡೆದು ಯಾರಿಗೆ ಬೇಕಾದರೂ ಜಾಮೀನು ನಿಲ್ಲುವವರ ಜಾಲಗಳಿವೆ. ಒಂದೇ ಪಹಣಿಯನ್ನು ಹತ್ತು ಕಡೆ ತೋರಿಸಿದವರು, ಇನ್ಯಾರದೋ ಹೆಸರಿನ ಆಧಾರ್ ತಂದವರು ಸಿಕ್ಕಿಬಿದ್ದಿದ್ದಾರೆ. ಅದರಿಂದಾಗಿ ಜಾಮೀನುದಾರರಾಗಿ ಬಂದವರನ್ನೆಲ್ಲ ಮೊದಲು ಅನುಮಾನದಿಂದ ನೋಡುವುದು ರೂಢಿಯಾಗಿದೆ. ಕಸುಬಿನವರಿಗೆ ಈ ಅನುಮಾನವನ್ನು ದಾಟುವ ಉಪಾಯ ಗೊತ್ತು. ಸಿಕ್ಕಿಕೊಳ್ಳುವವರು, ಮೊದಲ ಸಲ ಕೋರ್ಟಿನ ಮೆಟ್ಟಿಲು ಹತ್ತಿದ ಅಣ್ಣ, ಭಾವ, ಮಾವಂದಿರು.

ನಮ್ಮ ಕಕ್ಷಿದಾರರ ಹೆಂಡತಿಯ ಅಣ್ಣನಿಗೆ ಆಗಿದ್ದೂ ಅದೇ. ಎರಡು ಎಕರೆ ಹೊಲದ ಪಹಣಿ ಹಿಡಿದು ರಾತ್ರಿ ಬಸ್ಸಿನಲ್ಲಿ ಬಂದಿದ್ದರು. ಮೂರು ತಕರಾರು ಬಂದವು. ಒಂದು, ಜಮೀನು ಇರುವುದು ಬೇರೆ ಜಿಲ್ಲೆಯಲ್ಲಿ. ಎರಡು, ಪಹಣಿಯ 11ನೇ ಕಾಲಂನಲ್ಲಿ ಬೆಳೆಸಾಲದ ನಮೂದು ಇದೆ. ಮೂರು, ಪಹಣಿಯಲ್ಲಿ ಅವರ ಹೆಸರಿನ ಕೊನೆಗೆ ‘ಪ್ಪ’ ಇದೆ, ಆಧಾರ್ ಕಾರ್ಡಿನಲ್ಲಿ ಇಲ್ಲ. ‘ಸ್ಥಳೀಯ ಶ್ಯೂರಿಟಿ ಕರಕೊಂಡು ಬನ್ನಿ’ ಎನ್ನಿಸಿಕೊಂಡು ಅದೇ ರಾತ್ರಿ ಊರಿಗೆ ಮರಳಿದರು. ಒಂದು ದಿನದ ಕೂಲಿ, ಎರಡು ಕಡೆಯ ಬಸ್ ಚಾರ್ಜು ಅವರ ಪಾಲಿಗೆ ಸಣ್ಣ ಮೊತ್ತವಲ್ಲ. ನಾವು ಕರೆಯುವವರೆಗೆ ಮತ್ತೆ ಬರುವ ಧೈರ್ಯವನ್ನು ಅವರು ಮಾಡಲಿಲ್ಲ.

ಈ ಮೂರು ತಕರಾರುಗಳನ್ನು ನನ್ನ ಜೊತೆ ಕೆಲಸ ಮಾಡುವ ಕಿರಿಯ ವಕೀಲೆ ಓದಿದ ಕ್ಷಣವೇ ಹೇಳಿದ್ದು, ‘ಮೇಡಂ, ಇದು ನಾವು ದಿನಾ ಮಾಡೋ ಕೆಲಸ ಅಲ್ವಾ?’

ಹೌದು, ದಿನಾ ಮಾಡುವ ಕೆಲಸ. ಕಂಪನಿಯೊಂದು ಕಾರ್ಖಾನೆಗೆಂದು ಜಮೀನು ಕೊಳ್ಳುವಾಗ ನಾವು ಮೂವತ್ತು ವರ್ಷದ ಪಹಣಿ, ಮ್ಯುಟೇಶನ್, ಋಣಭಾರ ಪತ್ರಗಳನ್ನು ಸಾಲಿನಿಂದ ಸಾಲಿಗೆ ಓದುತ್ತೇವೆ. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ ಬಂದರೆ ಗಾಬರಿಯಾಗುವುದಿಲ್ಲ. ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರ ಮಾಡಿಸುತ್ತೇವೆ. ಜಮೀನಿನ ಮೇಲೆ ಸಾಲವಿದ್ದರೆ, ಸಾಲ ಕಳೆದು ಉಳಿಯುವ ಬೆಲೆ ಎಷ್ಟೆಂದು ಲೆಕ್ಕ ತೋರಿಸುತ್ತೇವೆ. ಎರಡು ಎಕರೆಯ ಮೇಲೆ ನಲವತ್ತು ಸಾವಿರದ ಬೆಳೆಸಾಲವಿದ್ದರೆ ಐವತ್ತು ಸಾವಿರದ ಜಾಮೀನಿಗೆ ಉಳಿದ ಬೆಲೆ ಸಾಲದೆ? ಹಣ ಕೊಡುವ ಕಕ್ಷಿದಾರರಿಗೆ ಈ ಉತ್ತರ ಅರ್ಧ ದಿನದಲ್ಲಿ ಸಿಗುತ್ತದೆ. ಸೆಂಟ್ರಿಂಗ್ ಕೆಲಸದವರ ಭಾವನಿಗೆ ಅದನ್ನು ಬರೆದುಕೊಡುವವರು ಯಾರೂ ಇರಲಿಲ್ಲ. ಜೈಲಿನಲ್ಲಿ ಕಳೆದುಹೋದ ನಾಲ್ಕು ತಿಂಗಳಿಗೆ ಕಾರಣ ಇಷ್ಟೇ.

ಬೇರೆ ಜಿಲ್ಲೆ ಎಂಬ ತಕರಾರಿಗಂತೂ ಉತ್ತರ 1978ರಲ್ಲೇ ಬಂದಿದೆ. ಮೋತಿರಾಮ್ ಎಂಬ ಗಾರೆ ಕೆಲಸದ ಮನುಷ್ಯನಿಗೆ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತು. ಮೊತ್ತ ನಿಗದಿ ಮಾಡುವುದನ್ನು ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರಿಗೆ ಬಿಟ್ಟಿತು. ಅವರು ಹತ್ತು ಸಾವಿರಕ್ಕೆ ಜಾಮೀನುದಾರ ಬೇಕೆಂದರು. ಜಾಮೀನು ನಿಲ್ಲಲು ಬಂದ ಮೋತಿರಾಮನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಮೋತಿರಾಮ್ ಮತ್ತೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪಿನಲ್ಲಿ ನಮ್ಮವರ ಪ್ರಸ್ತಾಪವೂ ಇದೆ: ಕನ್ನಡಿಗನೋ ಮಲಯಾಳಿಯೋ ಬಸ್ತರಿನಲ್ಲಿ, ಪೋರ್ಟ್ ಬ್ಲೇರಿನಲ್ಲಿ ಬಂಧನಕ್ಕೆ ಒಳಗಾದರೆ ಅಲ್ಲಿಯವರನ್ನೇ ಜಾಮೀನಿಗೆ ಎಲ್ಲಿಂದ ತರಬೇಕು ಎಂದು ಅವರು ಕೇಳುತ್ತಾರೆ. ಮೋತಿರಾಮನನ್ನು ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಆದೇಶವಾಯಿತು. ಆ ತೀರ್ಪು ಬಂದು ನಲವತ್ತೈದು ವರ್ಷ ಕಳೆದ ಮೇಲೂ, ಲಿಂಗಸುಗೂರಿನ ರೈತ ಕರ್ನಾಟಕದೊಳಗೇ ಬೇರೆ ಜಿಲ್ಲೆಯವನಾಗಿಬಿಡುತ್ತಾನೆ ಎಂಬುದು ನನ್ನ ಮನಸ್ಸನ್ನು ಈಗಲೂ ನೋಯಿಸುತ್ತದೆ.

ಇತ್ತೀಚಿನ ಆಧಾರವೂ ಇತ್ತು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಇದೇ ಸಮಸ್ಯೆಯ ಮೇಲೆ ನಿರ್ದೇಶನಗಳನ್ನು ಕೊಟ್ಟಿತು. ಜಾಮೀನಿನ ಆದೇಶದ ಪ್ರತಿಯನ್ನು ಜೈಲಿನ ಅಧೀಕ್ಷಕರ ಮೂಲಕ ಕೈದಿಗೆ ಇಮೇಲ್‌ನಲ್ಲಿ ಕಳಿಸಬೇಕು. ಏಳು ದಿನದೊಳಗೆ ಬಿಡುಗಡೆ ಆಗದಿದ್ದರೆ ಅಧೀಕ್ಷಕರು, ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಪ್ರಾಧಿಕಾರ ಕೈದಿಯ ಮನೆಯ ಸ್ಥಿತಿಗತಿಯ ವರದಿ ಮಾಡಿಸಿ, ಷರತ್ತು ಸಡಿಲಿಸುವಂತೆ ಕೋರ್ಟನ್ನು ಕೇಳಬಹುದು. ಒಂದು ತಿಂಗಳಲ್ಲಿ ಜಾಮೀನು ಒದಗಿಸಲಾಗದಿದ್ದರೆ ಯಾರೂ ಅರ್ಜಿ ಹಾಕದೆಯೂ ಕೋರ್ಟೇ ಷರತ್ತನ್ನು ಮತ್ತೆ ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂದು ಹಟ ಹಿಡಿಯುವುದು ಬಿಡುಗಡೆ ತಡವಾಗಲು ಒಂದು ಕಾರಣ ಎಂದೂ ಆ ಆದೇಶ ಹೇಳುತ್ತದೆ.

ನಾವು ಮಾಡಿದ್ದು ಇಷ್ಟು. ಪ್ರಾಧಿಕಾರದ ಪ್ಯಾರಾ ಲೀಗಲ್ ಸ್ವಯಂಸೇವಕಿಯೊಬ್ಬರು ಶೆಡ್ಡಿಗೆ ಹೋಗಿ ಹೆಂಡತಿಯನ್ನು, ಮೇಸ್ತ್ರಿಯನ್ನು ಕಂಡು ವರದಿ ಬರೆದರು. ಮಗು ಹತ್ತಿರದ ಅಂಗನವಾಡಿಗೆ ಹೋಗುತ್ತದೆ, ಆರೋಪಿಯ ಮೇಲೆ ಹಳೆಯ ಕೇಸುಗಳಿಲ್ಲ, ಊರಿನಲ್ಲಿ ತಂದೆ ತಾಯಿ ಇದ್ದಾರೆ. ನಮ್ಮ ಕಿರಿಯ ವಕೀಲೆ ಭಾವನ ಜೊತೆ ಫೋನಿನಲ್ಲಿ ಮಾತಾಡಿ, ಹೊಸ ಪಹಣಿ ತರಿಸಿ, ಹೆಸರಿನ ವ್ಯತ್ಯಾಸದ ಪ್ರಮಾಣಪತ್ರ ಸಿದ್ಧ ಮಾಡಿದಳು. ಸಾಲ ಕೊಟ್ಟ ಸಹಕಾರ ಸಂಘದಿಂದ ಬಾಕಿ ಎಷ್ಟೆಂಬ ಪತ್ರ ತರಿಸಿದಳು. ಇವೆಲ್ಲವನ್ನೂ ಲಗತ್ತಿಸಿ, ಮೊತ್ತ ಇಳಿಸಿ ಈ ಜಾಮೀನುದಾರರನ್ನೇ ಒಪ್ಪಬೇಕೆಂಬ ಅರ್ಜಿ. ವಾದಿಸಿದ್ದು ನಾನಲ್ಲ, ಕಾನೂನು ನೆರವಿನ ವಕೀಲರೊಬ್ಬರು, ಆ ಕೋರ್ಟ್ ಹಾಲಿನ ನಡೆನುಡಿ ಬಲ್ಲವರು. ನ್ಯಾಯಾಧೀಶರು ಕಾಗದಗಳನ್ನು ಒಂದೊಂದಾಗಿ ನೋಡಿದರು, ಭಾವನಿಗೆ ಎರಡು ಪ್ರಶ್ನೆ ಕೇಳಿದರು, ಮೊತ್ತವನ್ನು ಹದಿನೈದು ಸಾವಿರಕ್ಕೆ ಇಳಿಸಿದರು. ಮರುದಿನ ಬಿಡುಗಡೆಯ ಆದೇಶ ಜೈಲಿಗೆ ತಲುಪಿತು.

ದೇಶದಲ್ಲಿ ಈ ಸ್ಥಿತಿಯಲ್ಲಿರುವವರು ಎಷ್ಟು ಮಂದಿ ಎಂಬ ಅಂದಾಜಿಗೆ ಒಂದು ಅಂಕಿ ಸಾಕು. 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು. ಅಪರಾಧಿ ಎಂದು ಯಾವ ಕೋರ್ಟೂ ಹೇಳಿರದವರು. ಎಲ್ಲರೂ ಜಾಮೀನುದಾರ ಸಿಗದೆ ಉಳಿದವರಲ್ಲ, ನಿಜ. ಆದರೆ 1979ರಲ್ಲಿ ಪುಷ್ಪಾ ಕಪಿಲಾ ಹಿಂಗೋರಾನಿ ಎಂಬ ವಕೀಲೆ ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ ಬಿಹಾರದ ಜೈಲುಗಳ ಕಥೆಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟಾಗ ದೇಶ ಕಂಡದ್ದು, ತಮ್ಮ ಮೇಲಿನ ಆರೋಪಕ್ಕೆ ಆಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದ ಬಡವರನ್ನು. ದುಡ್ಡಿಲ್ಲದವರಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕು ಎಂಬ ತತ್ವ ಗಟ್ಟಿಯಾದದ್ದು ಆ ತೀರ್ಪುಗಳಿಂದ. ಉಚಿತ ಕಾನೂನು ನೆರವಿನ ಬಗ್ಗೆ ಹೇಳುವ ಸಂವಿಧಾನದ 39ಎ ವಿಧಿ 1976ರಲ್ಲೇ ಸೇರಿತ್ತು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರಲ್ಲಿ ಬಂತು, 1995ರ ನವೆಂಬರ್ 9ರಿಂದ ಜಾರಿಯಾಯಿತು.

ಹಾಗಿದ್ದರೆ ವಾಣಿಜ್ಯ ಸಂಸ್ಥೆಯ ವಕೀಲರು ಇದರಲ್ಲಿ ಯಾಕೆ ಬರಬೇಕು, ಸರ್ಕಾರದ ವ್ಯವಸ್ಥೆ ಇದೆಯಲ್ಲ ಎಂದು ನನ್ನ ಹಿರಿಯರೊಬ್ಬರು ಕೇಳಿದ್ದರು. ಅವರಿಗೆ ನಾನು ಅಮೆರಿಕದ ಒಂದು ಮೊಕದ್ದಮೆಯನ್ನು ನೆನಪಿಸಿದೆ. ಈ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

1961ರಲ್ಲಿ ಫ್ಲಾರಿಡಾದ ಪನಾಮಾ ಸಿಟಿಯಲ್ಲಿ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಐವತ್ತು ದಾಟಿದ ಬಡವನನ್ನು ಪೊಲೀಸರು ಹಿಡಿದರು. ಬಿಲಿಯರ್ಡ್ಸ್ ಥರದ ಆಟ ಆಡುವ ಒಂದು ಅಡ್ಡೆಗೆ ನುಗ್ಗಿ ಯಂತ್ರಗಳಲ್ಲಿದ್ದ ಚಿಲ್ಲರೆ ಹಣ ಕದ್ದನೆಂಬ ಆರೋಪ. ನನಗೊಬ್ಬ ವಕೀಲರನ್ನು ಕೊಡಿ ಎಂದು ಗಿಡಿಯನ್ ಕೋರ್ಟಿನಲ್ಲಿ ಕೇಳಿದ. ಮರಣದಂಡನೆಯ ಕೇಸುಗಳಲ್ಲಿ ಮಾತ್ರ ಕೊಡಲು ಅವಕಾಶವಿದೆ ಎಂದು ನ್ಯಾಯಾಧೀಶರು ನಿರಾಕರಿಸಿದರು. ತನ್ನ ಪರ ತಾನೇ ವಾದಿಸಿ ಸೋತು ಐದು ವರ್ಷದ ಶಿಕ್ಷೆಗೆ ಒಳಗಾದ. ಜೈಲಿನಲ್ಲಿ ಕೂತು ಪೆನ್ಸಿಲ್ಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಕೋರ್ಟು ಅದನ್ನು ವಿಚಾರಣೆಗೆ ಎತ್ತಿಕೊಂಡು, ಅವನ ಪರ ವಾದಿಸಲು ಏಬ್ ಫೋರ್ಟಾಸ್ ಅವರನ್ನು ನೇಮಿಸಿತು. ಫೋರ್ಟಾಸ್ ವಾಷಿಂಗ್ಟನ್ನಿನ ಆರ್ನಾಲ್ಡ್, ಫೋರ್ಟಾಸ್ ಅಂಡ್ ಪೋರ್ಟರ್ ಎಂಬ ಸಂಸ್ಥೆಯ ಪಾಲುದಾರ. ದೊಡ್ಡ ದೊಡ್ಡ ಕಂಪನಿಗಳು ಆ ಸಂಸ್ಥೆಯ ಕಕ್ಷಿದಾರರು.

ಗಿಡಿಯನ್ ಒಂದು ಡಾಲರನ್ನೂ ಕೊಡಬೇಕಿರಲಿಲ್ಲ. ಆದರೂ ಆ ಸಂಸ್ಥೆ ದುಡ್ಡು ಕೊಡುವ ಕಕ್ಷಿದಾರರ ಕೆಲಸಕ್ಕೆ ಇಳಿಯುವ ರೀತಿಯಲ್ಲೇ ಇಳಿಯಿತು. ಏಬ್ ಕ್ರಾಶ್ ಎಂಬ ವಕೀಲರು, ಬೇಸಿಗೆ ರಜೆಯಲ್ಲಿ ಕೆಲಸಕ್ಕೆ ಬಂದಿದ್ದ ಜಾನ್ ಹಾರ್ಟ್ ಈಲಿ ಎಂಬ ಕಾನೂನು ವಿದ್ಯಾರ್ಥಿ ಕೂತು ಹಳೆಯ ತೀರ್ಪುಗಳನ್ನೆಲ್ಲ ಅಗೆದರು. ಅಡ್ಡಿಯಾಗಿ ನಿಂತಿದ್ದದ್ದು ಬೆಟ್ಸ್ ವಿರುದ್ಧ ಬ್ರೇಡಿ ಎಂಬ 1942ರ ತೀರ್ಪು. ಅದನ್ನು ಕೋರ್ಟು ಕೈಬಿಡಬೇಕು ಎಂಬುದಕ್ಕೆ ಇವರು ಕಟ್ಟಿದ ವಾದ 1963ರ ಮಾರ್ಚ್ 18ರಂದು ಗೆದ್ದಿತು. ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರ ವಕೀಲರನ್ನು ಒದಗಿಸಲೇಬೇಕು.

ಇಲ್ಲಿಗೆ ಕಥೆ ಮುಗಿಯುವುದಿಲ್ಲ, ನಾನು ಹಿರಿಯರಿಗೆ ಹೇಳಬೇಕೆಂದಿದ್ದ ಭಾಗ ಇನ್ನು ಮುಂದಿನದು. ಗಿಡಿಯನ್ ಬಿಡುಗಡೆಯಾಗಲಿಲ್ಲ, ಮರುವಿಚಾರಣೆಗೆ ಹೋದ. ಆಗ ಅವನ ಪರ ನಿಂತವರು ಪನಾಮಾ ಸಿಟಿಯ ಸ್ಥಳೀಯ ವಕೀಲ ಫ್ರೆಡ್ ಟರ್ನರ್. ಊರು, ಆ ಅಡ್ಡೆ, ಸಾಕ್ಷಿ ಹೇಳುವವರು ಎಲ್ಲರೂ ಅವರಿಗೆ ಗೊತ್ತು. ಮೊದಲ ವಿಚಾರಣೆಯಲ್ಲಿ ಗಿಡಿಯನ್ ತಾನೇ ಪ್ರಶ್ನಿಸಿದಾಗ ಅಲುಗದೆ ನಿಂತಿದ್ದ ಮುಖ್ಯ ಸಾಕ್ಷಿ ಟರ್ನರ್ ಅವರ ಪಾಟೀಸವಾಲಿಗೆ ತಡವರಿಸಿದ. ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ನಿರಪರಾಧಿ ಎಂದಿತು. ಅದೇ ವರ್ಷ ಫ್ಲಾರಿಡಾ ಸರ್ಕಾರಿ ಖರ್ಚಿನ ರಕ್ಷಣಾ ವಕೀಲರ ವ್ಯವಸ್ಥೆ ಮಾಡಿತು. ವಾಷಿಂಗ್ಟನ್ನಿನ ದೊಡ್ಡ ಸಂಸ್ಥೆ ಇಲ್ಲದಿದ್ದರೆ ಹಕ್ಕು ಹುಟ್ಟುತ್ತಿರಲಿಲ್ಲ. ಪನಾಮಾ ಸಿಟಿಯ ವಕೀಲ ಇಲ್ಲದಿದ್ದರೆ ಆ ಹಕ್ಕಿನಿಂದ ಗಿಡಿಯನ್ನನಿಗೆ ಏನೂ ದಕ್ಕುತ್ತಿರಲಿಲ್ಲ. ನಮ್ಮ ಕೆಲಸವೂ ಇದೇ ಜೋಡಿಯಲ್ಲಿ ನಡೆಯಬೇಕೆಂದು ನಾನು ನಂಬಿದ್ದೇನೆ. ಕಾನೂನು ನೆರವಿನ ವಕೀಲರ ಜಾಗಕ್ಕೆ ನಾವು ಹೋಗಿ ಕೂರುವುದಲ್ಲ. ಅವರ ಕೈಯಲ್ಲಿ ಕೇಸುಗಳು ಮಿತಿಮೀರಿವೆ. ಒಂದು ಅರ್ಜಿಗೆ ಅರ್ಧ ದಿನ ಕೊಡುವಷ್ಟು ಹೊತ್ತಿಲ್ಲ. ಆ ಅರ್ಧ ದಿನವನ್ನು ನಾವು ಕೊಡಬೇಕು.

ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳ ಪ್ರಕಾರ ಪ್ರತಿ ವಕೀಲರೂ ವರ್ಷಕ್ಕೆ ಕನಿಷ್ಠ 50 ಗಂಟೆ ಶುಲ್ಕವಿಲ್ಲದ ಸೇವೆಯ ಗುರಿ ಇಟ್ಟುಕೊಳ್ಳಬೇಕು. ಅದು ಕಡ್ಡಾಯವಲ್ಲ. ನ್ಯೂಯಾರ್ಕ್ ರಾಜ್ಯ ಮಾತ್ರ, ಕಾನೂನು ಓದಿ ವಕೀಲರಾಗಿ ನೋಂದಾಯಿಸಿಕೊಳ್ಳುವವರು ಮೊದಲು 50 ಗಂಟೆ ಇಂಥ ಕೆಲಸ ಮಾಡಿರಬೇಕು ಎಂದು ನಿಯಮ ಮಾಡಿದೆ. ನಮ್ಮ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲೂ ಬಡವರಿಗೆ, ದಮನಕ್ಕೆ ಒಳಗಾದವರಿಗೆ ಉಚಿತ ನೆರವು ಕೊಡುವುದು ವಕೀಲರು ಸಮಾಜಕ್ಕೆ ಸಲ್ಲಿಸಬೇಕಾದ ಅತಿ ದೊಡ್ಡ ಕರ್ತವ್ಯಗಳಲ್ಲಿ ಒಂದು ಎಂದಿದೆ. ಗಂಟೆಯ ಲೆಕ್ಕ ಹೇಳಿಲ್ಲ. ಕೇಂದ್ರ ಕಾನೂನು ಇಲಾಖೆ 2017ರಲ್ಲಿ ನ್ಯಾಯ ಬಂಧು ಎಂಬ ಯೋಜನೆ ತಂದು, ಉಚಿತವಾಗಿ ಕೆಲಸ ಮಾಡಲು ಸಿದ್ಧರಿರುವ ವಕೀಲರನ್ನು ನೋಂದಾಯಿಸಿಕೊಳ್ಳುತ್ತಿದೆ.

ಗಂಟೆಯ ಲೆಕ್ಕ ಎಂಬುದು ಸಣ್ಣ ವಿಷಯವಲ್ಲ. ಮೊದಮೊದಲು ನಮ್ಮ ಕಚೇರಿಯಲ್ಲಿ ‘ಬಿಡುವಿದ್ದಾಗ ಮಾಡಿ’ ಎನ್ನುತ್ತಿದ್ದರು. ದೊಡ್ಡ ಸಂಸ್ಥೆಯಲ್ಲಿ ಕಿರಿಯ ವಕೀಲರಿಗೆ ಬಿಡುವು ಎಂಬುದೇ ಇಲ್ಲ. ರಾತ್ರಿ ಹತ್ತಕ್ಕೆ ಕರಾರು ಮುಗಿಸಿ ಆಮೇಲೆ ಜಾಮೀನಿನ ಅರ್ಜಿ ಬರೆಯಲು ಕೂತರೆ ಅದರಲ್ಲಿ ತಪ್ಪು ಬರುತ್ತದೆ, ಆ ತಪ್ಪಿಗೆ ಬೆಲೆ ತೆರುವವರು ಒಳಗಿರುವವರು. ಆದ್ದರಿಂದ ಟೈಮ್‌ಶೀಟಿನಲ್ಲಿ ಈ ಕೆಲಸಕ್ಕೂ ಒಂದು ಕೋಡ್ ಕೊಡಿ, ಬಡ್ತಿ, ಬೋನಸ್ಸಿನ ಲೆಕ್ಕಕ್ಕೆ ಈ ಗಂಟೆಗಳೂ ಸೇರಲಿ ಎಂದು ಹಿರಿಯರ ಮುಂದೆ ನಾವು ಕೇಳಿದೆವು. ವಾದ ಜೋರಾಗಿಯೇ ನಡೆಯಿತು. ಕೊನೆಗೆ ಒಂದು ಮಿತಿಯವರೆಗೆ ಸೇರಿಸಲು ಒಪ್ಪಿದರು. ಆ ವರ್ಷದಿಂದ ಕೆಲಸದ ಗುಣವೇ ಬದಲಾಯಿತು: ಹಿರಿಯರು ಕಿರಿಯರ ಕರಡು ಓದಿ ತಿದ್ದುತ್ತಾರೆ, ಇನ್ನೊಬ್ಬರು ಉಲ್ಲೇಖಗಳನ್ನು ಪರಿಶೀಲಿಸುತ್ತಾರೆ, ದಿನಾಂಕಗಳನ್ನು ಕ್ಯಾಲೆಂಡರಿಗೆ ಹಾಕಿ ನೆನಪಿಸುವವರೊಬ್ಬರಿದ್ದಾರೆ. ಬ್ಯಾಂಕಿನ ಕಡತಕ್ಕೆ ಸಿಗುವ ಈ ಮೂರು ಜೊತೆ ಕಣ್ಣು ಜೈಲಿನಲ್ಲಿರುವವರ ಕಡತಕ್ಕೂ ಸಿಗಬೇಕು ಎಂಬುದಷ್ಟೇ ನನ್ನ ಹಟ.

ಸಂಸ್ಥೆಗಳು ಇದನ್ನು ಹೆಸರಿಗಾಗಿ ಮಾಡುತ್ತವೆ ಎಂಬ ಮಾತಿದೆ. ಹೆಸರು ಬೇಕೆಂಬ ಆಸೆ ಇರುವುದು ನಿಜ. ಹೊರದೇಶದ ಕಕ್ಷಿದಾರರು ಈಗೀಗ ವಕೀಲರನ್ನು ಆರಿಸುವಾಗ ಇದನ್ನೂ ಕೇಳುತ್ತಾರೆ, ಒಳ್ಳೆಯ ವಿದ್ಯಾರ್ಥಿಗಳು ಕೆಲಸಕ್ಕೆ ಸೇರುವ ಮುಂಚೆ ಕೇಳುತ್ತಾರೆ. ನನಗೆ ಅದರಿಂದ ಬೇಸರವಿಲ್ಲ. ಹೆಸರಿಗಾಗಿ ಮಾಡಿದ ಅರ್ಜಿಯೂ ಸರಿಯಾಗಿದ್ದರೆ ಬಾಗಿಲು ತೆರೆಯುತ್ತದೆ. ಬೇಸರವಾಗುವುದು ಬೇರೆ ಕಡೆ. ಯಾವುದೇ ಕೇಸು ತೆಗೆದುಕೊಳ್ಳುವ ಮುಂಚೆ ನಮ್ಮಲ್ಲಿ ಹಿತಾಸಕ್ತಿಯ ತಪಾಸಣೆ ನಡೆಯುತ್ತದೆ. ಎದುರು ಪಕ್ಷದವರು ಸಂಸ್ಥೆಯ ಕಕ್ಷಿದಾರರಾಗಿದ್ದರೆ ಆ ಕೇಸು ಬರುವಂತಿಲ್ಲ. ನಿಯಮ ಸರಿಯಾದದ್ದೇ; ಇಬ್ಬರ ಕಡೆಯೂ ನಿಲ್ಲುವ ವಕೀಲರನ್ನು ಯಾರೂ ನಂಬಬಾರದು. ಆದರೆ ಅದರ ಪರಿಣಾಮ ನೋಡಿ. ಬ್ಯಾಂಕುಗಳು ನಮ್ಮ ಕಕ್ಷಿದಾರರು, ಹಾಗಾಗಿ ಬ್ಯಾಂಕಿನ ಹರಾಜು ನೋಟಿಸು ಹಿಡಿದು ಬಂದ ರೈತರನ್ನು ಹಿಂದೆ ಕಳಿಸಬೇಕು. ಬಿಲ್ಡರುಗಳು ನಮ್ಮ ಕಕ್ಷಿದಾರರು, ಹಾಗಾಗಿ ಗುಡಿಸಲು ತೆರವಿನ ಕೇಸುಗಳ ಕಡೆ ತಿರುಗಿ ನೋಡುವಂತಿಲ್ಲ. ನಮ್ಮ ಕಕ್ಷಿದಾರರೇ ದೂರುದಾರರಾಗಿದ್ದಿದ್ದರೆ ಆ ಸೆಂಟ್ರಿಂಗ್ ಕೆಲಸದವರ ಕೇಸೂ ನಮಗೆ ಬರುತ್ತಿರಲಿಲ್ಲ. ಬಡವರ ಜಗಳಗಳಲ್ಲಿ ಬಹುಪಾಲು ಹಣವಂತರ ಜೊತೆಗಿನವೇ. ಆದ್ದರಿಂದಲೇ ದೊಡ್ಡ ಸಂಸ್ಥೆಗಳ ಉಚಿತ ಸೇವೆಯನ್ನು ತೋರಿಸಿ ಸರ್ಕಾರ ಕಾನೂನು ನೆರವಿನ ಖರ್ಚು ಕಡಿಮೆ ಮಾಡಿದರೆ ಅದನ್ನು ನಾನು ಮೊದಲು ವಿರೋಧಿಸುತ್ತೇನೆ.

ಕೋರ್ಟಿಗೆ ಹೋಗದೆ ಮಾಡುವ ಉಚಿತ ಕೆಲಸವೂ ಬೇಕಾದಷ್ಟಿದೆ, ಅದರ ಬಗ್ಗೆ ಹೊರಗೆ ಮಾತು ಕಡಿಮೆ. ಹೊಲಿಗೆ ಕೆಲಸ ಮಾಡುವ ಮಹಿಳೆಯರ ಉತ್ಪಾದಕರ ಕಂಪನಿಯೊಂದು ದೊಡ್ಡ ಅಂಗಡಿ ಸರಣಿಯೊಂದಿಗೆ ಮಾಡಿಕೊಳ್ಳಬೇಕಿದ್ದ ಕರಾರನ್ನು ನಮಗೆ ತೋರಿಸಿತು. ಹದಿನಾಲ್ಕು ಪುಟದ ಇಂಗ್ಲಿಷಿನಲ್ಲಿ ಒಂದು ಕಡೆ, ಸರಕು ತಲುಪಿದ ತೊಂಬತ್ತು ದಿನದೊಳಗೆ ಕಾರಣ ಕೊಡದೆ ಹಿಂದಿರುಗಿಸಬಹುದು, ಸಾಗಣೆಯ ಖರ್ಚು ಮಾರಿದವರದು ಎಂದಿತ್ತು. ಒಂದು ಹಬ್ಬದ ಸರಕು ಹಿಂದೆ ಬಂದರೆ ಆ ಕಂಪನಿ ಮುಳುಗುತ್ತಿತ್ತು. ನಾವು ಆ ಕಲಮನ್ನು ತಿದ್ದಿಸಿ, ಕರಾರನ್ನು ಕನ್ನಡದಲ್ಲಿ ಬರೆದು ಅವರ ಸಭೆಯಲ್ಲಿ ಓದಿ ಹೇಳಿದೆವು. ಅಧ್ಯಕ್ಷೆಯಾಗಿದ್ದವರು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಕಾನೂನು ಕಾಲೇಜಿನಲ್ಲಿ ಪೂರ್ತಿ ಅಂಕ ಸಿಗಬೇಕು: ‘ದುಡ್ಡು ಯಾವತ್ತು ಬರುತ್ತೆ ಅಂತ ಇದರಲ್ಲಿ ಎಲ್ಲಿ ಬರೆದಿದೆ ಅಕ್ಕಾ?’ ಬರೆದಿರಲಿಲ್ಲ. ಮತ್ತೆ ಕೂತು ಅದನ್ನೂ ಸೇರಿಸಿದೆವು.

ಸೆಂಟ್ರಿಂಗ್ ಕೆಲಸದವರ ಕೇಸು ಇನ್ನೂ ನಡೆಯುತ್ತಿದೆ. ಅವರು ತಪ್ಪದೆ ವಾಯಿದೆಗೆ ಬರುತ್ತಾರೆ. ಪಾಟೀಸವಾಲು ಮಾಡುವವರು ಕಾನೂನು ನೆರವಿನ ಅದೇ ವಕೀಲರು; ಕಡತ ಓದಿ ಟಿಪ್ಪಣಿ ಮಾಡಿಕೊಡುವುದು ನಮ್ಮ ಕಿರಿಯ ವಕೀಲೆಯ ಪಾಲಿನ ಕೆಲಸ.

ಇದನ್ನು ಓದುತ್ತಿರುವವರ ಮನೆಯಲ್ಲೋ ಕೇರಿಯಲ್ಲೋ ಯಾರಾದರೂ ಜಾಮೀನಾದ ಮೇಲೂ ಒಳಗಿದ್ದರೆ ಮಾಡಬೇಕಾದದ್ದನ್ನು ಹೇಳುತ್ತೇನೆ. ಜೈಲಿನಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಜಾಮೀನಿನ ಆದೇಶದ ಪ್ರತಿ ಕೇಳಿ ಪಡೆಯಿರಿ, ಅದರ ಮೇಲಿನ ದಿನಾಂಕ ನೋಡಿ. ಏಳು ದಿನ ದಾಟಿದ್ದರೆ ಹಾಗೆಂದೇ ಹೇಳಿ. ಜಾಮೀನಿನ ಮೊತ್ತ ಹೊಂದಿಸಲು ಆಗದವರಿಗೆ ಕೇಂದ್ರದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ಸಹಾಯ ಸಿಗುವ ಅವಕಾಶ 2023ರಿಂದ ಇದೆ, ಅದರ ಬಗ್ಗೆಯೂ ವಿಚಾರಿಸಿ. ಜಾಮೀನುದಾರರ ಪಹಣಿ ಹೊಸದಾಗಿ ತೆಗೆಸಿ, ಅದರಲ್ಲಿರುವ ಹೆಸರನ್ನು ಆಧಾರ್ ಜೊತೆ ಹೋಲಿಸಿ ನೋಡಿ, ವ್ಯತ್ಯಾಸವಿದ್ದರೆ ಬಸ್ಸು ಹತ್ತುವ ಮೊದಲೇ ವಕೀಲರಿಗೆ ತಿಳಿಸಿ. ಕೋರ್ಟಿನ ಹೊರಗೆ ಶ್ಯೂರಿಟಿ ಕೊಡಿಸುತ್ತೇನೆಂದು ಹತ್ತಿರ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.